ಒನ್ಸ್ ವರ್ ವಾರಿಯರ್ಸ್: ಒಂದು ಮಾವೋರಿ ಕುಟುಂಬದ ಕಥೆ ಮತ್ತು ಅದು ಉಳಿಸಿಹೋದ ಪರಿಣಾಮ

ಒನ್ಸ್ ವರ್ ವಾರಿಯರ್ಸ್ 1994ರಲ್ಲಿ ತೆರೆಕಂಡ ನ್ಯೂಜಿಲೆಂಡಿನ ಚಲನಚಿತ್ರ. ಒಂದು ಕಾಲಕ್ಕೆ ವೀರರಾಗಿದ್ದವರು ಎಂಬುದು ಹೆಸರಿನ ಅರ್ಥ. ಆಕ್ಲೆಂಡ್ ನಗರದ ದಕ್ಷಿಣ ಭಾಗದ ಸರ್ಕಾರಿ ಬಾಡಿಗೆ ಮನೆಯೊಂದರಲ್ಲಿ ಬದುಕುವ ಹೆಕೆ ಎಂಬ ಮಾವೋರಿ (ದೇಶದ ಮೂಲನಿವಾಸಿ) ಕುಟುಂಬ ಕುಡಿತ, ಬಡತನ ಮತ್ತು ಹೊಡೆತಗಳ ನಡುವೆ ಚದುರಿಹೋಗುವುದನ್ನೂ, ಆ ಮನೆಯ ತಾಯಿ ಉಳಿದ ಮಕ್ಕಳನ್ನು ಕರೆದುಕೊಂಡು ಹೊರಬರುವುದನ್ನೂ ಚಿತ್ರ ಹೇಳುತ್ತದೆ. ಅಲನ್ ಡಫ್ ಅವರ 1990ರ ಇದೇ ಹೆಸರಿನ ಕಾದಂಬರಿ ಇದಕ್ಕೆ ಆಧಾರ. ನಿರ್ದೇಶನ ಲೀ ತಮಾಹೋರಿ (1950–2025), ಚಿತ್ರಕಥೆ ರಿವಿಯಾ ಬ್ರೌನ್, ನಿರ್ಮಾಣ ರಾಬಿನ್ ಸ್ಕೋಲ್ಸ್, ಛಾಯಾಗ್ರಹಣ ಸ್ಟುವರ್ಟ್ ಡ್ರೈಬರ್ಗ್ ಅವರದು. ತಾಯಿ ಬೆತ್ ಆಗಿ ರೇನಾ ಓವನ್, ತಂದೆ ಜೇಕ್ ಆಗಿ ಟೆಮ್ಯುವೆರಾ ಮಾರಿಸನ್, ಮಗಳು ಗ್ರೇಸ್ ಆಗಿ ಮಾಮೆಂಗರೋವಾ ಕೆರ್-ಬೆಲ್ ಅಭಿನಯಿಸಿದ್ದಾರೆ.

ನ್ಯೂಜಿಲೆಂಡಿನಲ್ಲಿ ಈ ಚಿತ್ರ ಗಳಿಕೆಯ ದಾಖಲೆ ಬರೆಯಿತು. ಅದಕ್ಕಿಂತ ಮುಖ್ಯವಾಗಿ, ಮನೆಯೊಳಗಿನ ಹಿಂಸೆಯ ಬಗ್ಗೆ ಆ ದೇಶ ಬಹಿರಂಗವಾಗಿ ಮಾತಾಡುವ ರೀತಿಯನ್ನೇ ಬದಲಿಸಿತು. ಅದೇ ಹೊತ್ತಿಗೆ ಮಾವೋರಿ ಗಂಡಸಿನ ಬಗ್ಗೆ ಒಂದು ಕೆಟ್ಟ ಅಚ್ಚನ್ನೂ ಜನರ ಮನಸ್ಸಿನಲ್ಲಿ ಒತ್ತಿಬಿಟ್ಟಿತು ಎಂಬ ಟೀಕೆಯನ್ನು ಅದು ಮೊದಲ ದಿನಗಳಿಂದಲೂ ಎದುರಿಸಿದೆ. ಈ ಎರಡೂ ನಿಜ. ಚಿತ್ರಕಥೆ ಬರೆದವರು ಕಥೆಯನ್ನು ಬೆತ್‌ಳ ಕೈಗೆ ಕೊಟ್ಟಿದ್ದರು. ಜನರ ನೆನಪು ಅದನ್ನು ಜೇಕ್‌ನ ಕೈಗೆ ದಾಟಿಸಿತು. ಮೂರು ದಶಕಗಳ ಪರಿಣಾಮವನ್ನು ಈ ದಾಟುವಿಕೆಯ ಮೂಲಕ ನೋಡಿದರೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಕಥೆ

ಬೆತ್ ಒಳ್ಳೆಯ ಮನೆತನದ ಮಾವೋರಿ ಹೆಣ್ಣು. ಹಿರಿಯರ ಮಾತು ಮೀರಿ, ತನ್ನ ಊರಿನ ಮರಾಯೆಯನ್ನು, ಅಂದರೆ ಕುಲದ ಸಭಾಂಗಣ ಮತ್ತು ಅಂಗಳವನ್ನು ಬಿಟ್ಟು, ಜೇಕ್‌ನನ್ನು ಮದುವೆಯಾಗಿ ಹದಿನೆಂಟು ವರ್ಷವಾಗಿದೆ. ಐದು ಮಕ್ಕಳು. ಜೇಕ್ ತನ್ನನ್ನು ಗುಲಾಮರ ವಂಶದವನೆಂದು ಬೆತ್‌ಳ ಹಿರಿಯರು ಕೀಳಾಗಿ ಕಂಡರೆಂಬ ಕಹಿಯನ್ನು ಬಿಟ್ಟಿಲ್ಲ. ಕೆಲಸ ಹೋದ ದಿನ ಅವನು ಮನೆಗೆ ಸಮುದ್ರದ ಮೀನು ಚಿಪ್ಪುಗಳನ್ನು ಹೊತ್ತು ತಂದು, ನಿರುದ್ಯೋಗ ಭತ್ಯೆಗೂ ಸಂಬಳಕ್ಕೂ ಅಂಥ ವ್ಯತ್ಯಾಸವೇನಿಲ್ಲ ಎಂದು ಹೆಂಡತಿಗೆ ಸಮಾಧಾನ ಹೇಳುತ್ತಾನೆ. ಅವನ ನಿಜವಾದ ಮನೆ ರಾಯಲ್ ಎಂಬ ಪಬ್ಬು. ಅಲ್ಲಿ ಅವನ ತೋಳ್ಬಲಕ್ಕೆ ಗೌರವವಿದೆ, ಸುತ್ತ ಗೆಳೆಯರಿದ್ದಾರೆ, ಪಬ್ಬು ಮುಚ್ಚಿದ ಮೇಲೆ ಅವರೆಲ್ಲ ಅವನ ಮನೆಗೇ ಬರುತ್ತಾರೆ.

ಅಂಥದೊಂದು ರಾತ್ರಿಯ ದೃಶ್ಯವೇ ಚಿತ್ರವನ್ನು ಜಗತ್ತಿಗೆ ಪರಿಚಯಿಸಿತು. ಗಿಟಾರ್ ನುಡಿಯುತ್ತಿದೆ, ಮನೆ ತುಂಬ ಜನ. ಜೇಕ್ ಮತ್ತು ಬೆತ್ ಒಬ್ಬರನ್ನೊಬ್ಬರು ನೋಡುತ್ತ ಜೊತೆಯಾಗಿ ಹಾಡುತ್ತಾರೆ. ಇಬ್ಬರೂ ಸುಂದರರು, ಇಬ್ಬರಲ್ಲೂ ಪ್ರೀತಿ ಇನ್ನೂ ಇದೆ ಎಂಬುದರಲ್ಲಿ ಅನುಮಾನವೇ ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ಅತಿಥಿಯೊಬ್ಬನಿಗೆ ಮೊಟ್ಟೆ ಬೇಯಿಸಿ ಕೊಡು ಎಂದು ಜೇಕ್ ಹೇಳುತ್ತಾನೆ. ಬೇಕಾದವರು ತಾವೇ ಮಾಡಿಕೊಳ್ಳಲಿ ಎಂದು ಬೆತ್ ಎದುರಾಡುತ್ತಾಳೆ, ಮೊಟ್ಟೆಗಳನ್ನು ನೆಲಕ್ಕೆ ಬಡಿಯುತ್ತಾಳೆ. ಆಮೇಲಿನ ಹೊಡೆತವನ್ನು ಕ್ಯಾಮೆರಾ ಮುಚ್ಚುವುದಿಲ್ಲ. ಮನೆ ತುಂಬ ಇದ್ದ ಗಂಡಸರಲ್ಲಿ ಯಾರೂ ತಡೆಯುವುದಿಲ್ಲ. ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ. ಮೇಲಿನ ಕೋಣೆಯಲ್ಲಿ ಹದಿಮೂರು ವರ್ಷದ ಗ್ರೇಸ್ ತಮ್ಮ ತಂಗಿಯರನ್ನು ಅವಚಿಕೊಂಡು ಕೂತಿದ್ದಾಳೆ. ಬೆಳಿಗ್ಗೆ ಎದ್ದು ಒಡೆದ ಗಾಜು, ಚೆಲ್ಲಿದ ಬಿಯರ್ ಎಲ್ಲವನ್ನೂ ಗುಡಿಸಿ ಒರೆಸುವವಳೂ ಅವಳೇ. ಆ ದಿನ ಎರಡನೆಯ ಮಗ ಬೂಗಿ ನ್ಯಾಯಾಲಯಕ್ಕೆ ಹೋಗಬೇಕು. ಊದಿದ ಮುಖ ಹೊತ್ತು ತಾಯಿ ಹೋಗುವಂತಿಲ್ಲ, ತಂದೆಗೆ ಮನಸ್ಸಿಲ್ಲ. ನೋಡಿಕೊಳ್ಳುವವರು ಯಾರೂ ಬಂದಿಲ್ಲವೆಂದು ಹುಡುಗನನ್ನು ಸರ್ಕಾರಿ ಬಾಲಗೃಹಕ್ಕೆ ಕಳಿಸಲಾಗುತ್ತದೆ. ಒಂದು ರಾತ್ರಿಯ ಏಟು ಮರುದಿನ ಒಬ್ಬ ಮಗನನ್ನು ಮನೆಯಿಂದ ಕಿತ್ತುಕೊಳ್ಳುವ ಈ ಸರಪಳಿಯನ್ನು ಚಿತ್ರ ಯಾವ ವಿವರಣೆಯೂ ಇಲ್ಲದೆ ತೋರಿಸಿಬಿಡುತ್ತದೆ.

ಹಿರಿಯ ಮಗ ನಿಗ್ ‘ತೋವಾ ಆವೊಟೆರೋವಾ’ ಎಂಬ ಪುಂಡರ ಗುಂಪು ಸೇರಿ ಮುಖಕ್ಕೆ ಮೊಕೊ ಎಂಬ ಮಾವೋರಿ ಹಚ್ಚೆ ಹಾಕಿಸಿಕೊಳ್ಳುತ್ತಾನೆ. ಬೂಗಿ ಬಾಲಗೃಹದಲ್ಲಿ ಬೆನೆಟ್ ಎಂಬ ಮಾವೋರಿ ಅಧಿಕಾರಿಯ ಕೈಯಲ್ಲಿ ಹಾಕಾ ಎಂಬ ಸಾಂಪ್ರದಾಯಿಕ ನೃತ್ಯವನ್ನೂ ತಾಯಾಹಾ ಎಂಬ ಮರದ ಆಯುಧದ ವರಸೆಯನ್ನೂ ಕಲಿಯುತ್ತಾನೆ. ಕಥೆ ಬರೆಯುವ ಹುಡುಗಿ ಗ್ರೇಸ್‌ಳಿಗೆ ಇರುವ ಒಬ್ಬನೇ ಗೆಳೆಯ ಟೂಟ್. ಹೆದ್ದಾರಿ ಸೇತುವೆಯ ಕೆಳಗೆ ಬಿಟ್ಟುಹೋದ ಕಾರೊಂದು ಅವನ ಮನೆ. ಬೂಗಿಯನ್ನು ನೋಡಿಬರಲು ಕುಟುಂಬ ಬಾಡಿಗೆ ಕಾರಿನಲ್ಲಿ ಹೊರಡುತ್ತದೆ. ಎಲ್ಲರೂ ನಗುನಗುತ್ತ ಇರುವ ಒಂದೇ ದಿನ ಅದು. ದಾರಿಯಲ್ಲಿ ಒಂದೇ ಗುಟುಕು ಎಂದು ಜೇಕ್ ಪಬ್ಬಿನ ಮುಂದೆ ಕಾರು ನಿಲ್ಲಿಸುತ್ತಾನೆ. ಆ ಪ್ರಯಾಣ ಬೂಗಿಯನ್ನು ಮುಟ್ಟುವುದೇ ಇಲ್ಲ.

ಮಕ್ಕಳೆಲ್ಲ ಅಂಕಲ್ ಎಂದು ಕರೆಯುವ, ಜೇಕ್‌ನ ಕುಡಿತದ ಗೆಳೆಯ ಬುಲ್ಲಿ ಒಂದು ರಾತ್ರಿ ಗ್ರೇಸ್‌ಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಯಾರಿಗೂ ಹೇಳಲಾಗದೆ ಹುಡುಗಿ ಪ್ರಾಣ ಕಳೆದುಕೊಳ್ಳುತ್ತಾಳೆ. ಬೆತ್ ಗಂಡನ ಮಾತು ಮೀರಿ ಮಗಳ ದೇಹವನ್ನು ತನ್ನ ಮರಾಯೆಗೆ ಒಯ್ದು ತಂಗಿಹಂಗ, ಅಂದರೆ ಮಾವೋರಿ ಪದ್ಧತಿಯ ಅಂತ್ಯಕ್ರಿಯೆ ನಡೆಸುತ್ತಾಳೆ. ಗ್ರೇಸ್‌ಳ ದಿನಚರಿ ಓದಿ ಸತ್ಯ ತಿಳಿದಾಗ ಜೇಕ್ ಪಬ್ಬಿನಲ್ಲೇ ಬುಲ್ಲಿಯನ್ನು ಸಾಯುವಂತೆ ಹೊಡೆಯುತ್ತಾನೆ. ಬೆತ್ ಮಾತ್ರ ಅದನ್ನು ಪ್ರಾಯಶ್ಚಿತ್ತವೆಂದು ಒಪ್ಪುವುದಿಲ್ಲ. ತನ್ನ ಜನರಿಗೆ ಹಿಂದೆ ಇದ್ದ ಅಂತಸ್ತನ್ನು ನೆನಪಿಸಿ, ಮಕ್ಕಳನ್ನು ಕರೆದುಕೊಂಡು ಅವಳು ಹೊರಟುಹೋಗುತ್ತಾಳೆ. ಅವನು ರಸ್ತೆಬದಿಯಲ್ಲಿ ಕೂಗಾಡುತ್ತ ಉಳಿಯುತ್ತಾನೆ.

ಕಾದಂಬರಿಯಿಂದ ತೆರೆಗೆ

ಅಲನ್ ಡಫ್ 1950ರಲ್ಲಿ ರೊಟೊರುವಾದಲ್ಲಿ ಹುಟ್ಟಿದವರು. ತಂದೆ ಬಿಳಿಯ ವಿಜ್ಞಾನಿ, ತಾಯಿ ಮಾವೋರಿ. ಅಜ್ಜ ಆಲಿವರ್ ಡಫ್ ‘ನ್ಯೂಜಿಲೆಂಡ್ ಲಿಸನರ್’ ಪತ್ರಿಕೆಯ ಮೊದಲ ಸಂಪಾದಕರು. ಮನೆಯಲ್ಲಿ ಪುಸ್ತಕವೂ ಇತ್ತು, ಜಗಳವೂ ಇತ್ತು. ಹುಡುಗ ಬಾಲಾಪರಾಧಿಗಳ ಶಿಕ್ಷಣಾಲಯವನ್ನೂ ಕಂಡುಬಂದ. ಕಾದಂಬರಿಯ ಪಾತ್ರಗಳು ತಮ್ಮ ತಲೆಯೊಳಗಿನ ಮಾತನ್ನು ತಡೆಯಿಲ್ಲದೆ ಹರಿಯಬಿಡುತ್ತವೆ. ಯಾರು ಮಾತಾಡುತ್ತಿದ್ದಾರೆ, ಯಾರು ಯೋಚಿಸುತ್ತಿದ್ದಾರೆ ಎಂಬ ಗೆರೆ ಅಳಿಸಿಹೋಗುವಂಥ ಬರವಣಿಗೆ ಅದು. ಮಾವೋರಿ ಬದುಕನ್ನು ಊರು, ನೆಲ, ಹಿರಿಯರ ನೆನಪುಗಳ ಮೂಲಕ ಕಟ್ಟಿದ್ದ ವಿಟಿ ಇಹಿಮೇರಾ, ಪೆಟ್ರೀಷಿಯಾ ಗ್ರೇಸ್ ಅವರ ಕೃತಿಗಳ ಪಕ್ಕದಲ್ಲಿ ಇದು ಕಿರುಚಿದಂತೆ ಕೇಳಿಸಿತು. ಮಾವೋರಿಗಳು ತಮ್ಮ ದುಃಸ್ಥಿತಿಗೆ ತಾವೇ ಹೊಣೆ ಹೊರಬೇಕು ಎಂಬುದು ಡಫ್ ಅವರ ಖಚಿತ ನಿಲುವು. 1993ರಲ್ಲಿ ಅದನ್ನೇ ವಾದಿಸುವ ಪ್ರತ್ಯೇಕ ಪುಸ್ತಕವನ್ನೂ ಪ್ರಕಟಿಸಿದರು.

ಚಿತ್ರಕ್ಕಾಗಿ ರಿವಿಯಾ ಬ್ರೌನ್ ಎಂಬ ಮಾವೋರಿ ನಾಟಕಕಾರ್ತಿಯನ್ನು ಕರೆತಂದದ್ದು ದೊಡ್ಡ ತಿರುವು. ಕಾದಂಬರಿಯಲ್ಲಿ ಹೆಕೆ ಕುಟುಂಬದ ಕೇರಿಗೆ ಎದುರಾಗಿ ಶ್ರೀಮಂತ ಬಿಳಿಯ ಕುಟುಂಬವೊಂದಿದೆ. ಗ್ರೇಸ್ ಸಾಯುವುದೂ ಅವರ ತೋಟದಲ್ಲಿ. ಬ್ರೌನ್ ಆ ಮನೆಯನ್ನೇ ತೆಗೆದುಹಾಕಿದರು. ಕಾದಂಬರಿಯಲ್ಲಿ ಗ್ರೇಸ್‌ಳ ಮೇಲೆ ಎರಗಿದವನು ತಂದೆಯೇ ಇರಬೇಕೆಂಬ ಸಂಶಯ ತೂಗಾಡುತ್ತದೆ. ಚಿತ್ರದಲ್ಲಿ ಅದು ಬುಲ್ಲಿಯ ಕೃತ್ಯವೆಂದು ಸ್ಪಷ್ಟ. ಎಲ್ಲಕ್ಕಿಂತ ಹೆಚ್ಚಾಗಿ ಕಥೆಯ ಕಣ್ಣು ಬೆತ್‌ಳದಾಯಿತು. ಅವಳು ಕುಡಿಯುತ್ತಾಳೆ, ನಗುತ್ತಾಳೆ, ಎದುರು ಮಾತಾಡುತ್ತಾಳೆ, ಗಂಡನನ್ನು ಬಯಸುತ್ತಾಳೆ. ಹೊಡೆಸಿಕೊಳ್ಳುವ ಹೆಣ್ಣನ್ನು ಬರೀ ಅಳುಮುಂಜಿಯಾಗಿ ತೋರಿಸುವ ಸುಲಭ ದಾರಿಯನ್ನು ಬ್ರೌನ್ ಬಿಟ್ಟರು. ರೇನಾ ಓವನ್ ಆ ಪಾತ್ರಕ್ಕೆ ಕೊಟ್ಟ ಬಿರುಸು ಇಂದು ನೋಡಿದರೂ ಕಡಿಮೆಯಾಗಿಲ್ಲ. ಚಿತ್ರದ ನಿಜವಾದ ಸಾಧನೆ ಇದೇ ಎಂದು ಹೇಳಬೇಕು.

ಲೀ ತಮಾಹೋರಿ ಅವರ ತಂದೆ ಮಾವೋರಿ, ನ್ಗಾಟಿ ಪೊರೊವು ಕುಲದವರು. ತಾಯಿ ಬ್ರಿಟಿಷ್ ಮೂಲದವರು. ಚಿತ್ರೀಕರಣದಲ್ಲಿ ಧ್ವನಿ ವಿಭಾಗದ ಕೆಲಸದಿಂದ ಆರಂಭಿಸಿ ಸಹಾಯಕ ನಿರ್ದೇಶಕರಾಗಿ, ಆಮೇಲೆ ಜಾಹೀರಾತು ಚಿತ್ರಗಳ ನಿರ್ದೇಶಕರಾಗಿ ಬೆಳೆದವರು. ಮೊದಲ ಕಥಾಚಿತ್ರ ಕೈಗೆ ಬರುವಾಗ ವಯಸ್ಸು ನಲವತ್ತು ದಾಟಿತ್ತು. ಚಿತ್ರದ ಮೊದಲ ಚೌಕಟ್ಟಿನಲ್ಲೇ ಆ ಅನುಭವ ಕೆಲಸ ಮಾಡಿದೆ. ಹಸಿರು ಹುಲ್ಲು, ತಿಳಿನೀರಿನ ಸರೋವರ, ಹಿಮ ಹೊದ್ದ ಬೆಟ್ಟ ಕಾಣುತ್ತದೆ. ಪ್ರವಾಸಿಗರಿಗಾಗಿ ಮಾರಲಾಗುವ ನ್ಯೂಜಿಲೆಂಡಿನ ಚಿತ್ರ ಅದು. ಕ್ಯಾಮೆರಾ ಸರಿದಂತೆ ಅದು ವಿದ್ಯುತ್ ಕಂಪನಿಯೊಂದರ ಜಾಹೀರಾತು ಫಲಕವೆಂದು ತಿಳಿಯುತ್ತದೆ. ಅದರ ಕೆಳಗೆ ವಾಹನಗಳ ಗದ್ದಲದ ಹೆದ್ದಾರಿ, ಅದರಾಚೆ ಹೆಕೆಗಳ ಕೇರಿ. ಒಂದೇ ಚಲನೆಯಲ್ಲಿ ದೇಶ ತನ್ನ ಬಗ್ಗೆ ಹೇಳಿಕೊಳ್ಳುವ ಮಾತು ಮುಗಿದು, ಬದುಕುವ ರೀತಿ ಕಣ್ಣಿಗೆ ಬೀಳುತ್ತದೆ. ಇಡೀ ಚಿತ್ರದಲ್ಲಿ ಹಸಿರು ಮತ್ತು ನೀಲಿಯನ್ನು ಆದಷ್ಟು ಹೊರಗಿಟ್ಟು ಕೆಂಪು, ಕಂದು, ಕಪ್ಪು ಬಣ್ಣಗಳನ್ನು ಉಳಿಸಿಕೊಳ್ಳಲಾಗಿದೆ. ಮಾವೋರಿ ಮೈಬಣ್ಣ ಅದರಿಂದ ಹೊಳೆಯುತ್ತದೆ. ಹಿಂದಿನ ವರ್ಷವಷ್ಟೇ ‘ದಿ ಪಿಯಾನೊ’ ಚಿತ್ರದಲ್ಲಿ ಅದೇ ದೇಶದ ಒದ್ದೆ ಕಾಡನ್ನು ನೀಲಿ ಹಸಿರಿನಲ್ಲಿ ಅದ್ದಿ ತೋರಿಸಿದ್ದ ಡ್ರೈಬರ್ಗ್ ಅವರೇ ಇದನ್ನೂ ಚಿತ್ರೀಕರಿಸಿದರು ಎಂಬುದು ಗಮನಿಸಬೇಕಾದ ಸಂಗತಿ. ಗುಂಪಿನ ಹುಡುಗರ ಮುಖದ ಹಚ್ಚೆಗಳನ್ನು ಕಲಾವಿದ ಗೈ ಮೊವಾನಾ ವಿನ್ಯಾಸಗೊಳಿಸಿದರು.

ಹಿನ್ನೆಲೆಯ ಚರಿತ್ರೆ

ಹೆಕೆ ಕುಟುಂಬ ಆ ಕೇರಿಗೆ ಬಂದು ಸೇರಿದ ದಾರಿಯನ್ನು ಚಿತ್ರ ಹೇಳುವುದಿಲ್ಲ. 1840ರಲ್ಲಿ ಬ್ರಿಟಿಷ್ ರಾಣಿಯ ಪ್ರತಿನಿಧಿಗಳು ಮತ್ತು ಮಾವೋರಿ ಮುಖ್ಯಸ್ಥರ ನಡುವೆ ವೈಟಾಂಗಿ ಒಪ್ಪಂದ ಆಯಿತು. ಅದರ ಮುಂದಿನ ದಶಕಗಳಲ್ಲಿ ಯುದ್ಧ, ಮುಟ್ಟುಗೋಲು ಮತ್ತು ಭೂಕಾನೂನುಗಳ ಮೂಲಕ ಮಾವೋರಿಗಳ ನೆಲದ ಬಹುಭಾಗ ಕೈತಪ್ಪಿತು. ಎರಡನೆಯ ಮಹಾಯುದ್ಧದ ಹೊತ್ತಿಗೂ ಹೆಚ್ಚಿನ ಮಾವೋರಿಗಳು ಹಳ್ಳಿಗಳಲ್ಲೇ ಇದ್ದರು. ಯುದ್ಧಾನಂತರ ಕಾರ್ಖಾನೆಗಳಿಗೆ, ಬಂದರುಗಳಿಗೆ, ಕಸಾಯಿಖಾನೆಗಳಿಗೆ ಕೈಗಳು ಬೇಕಾದವು. 1961ರಲ್ಲಿ ಪ್ರಕಟವಾದ ಹನ್ ವರದಿ ಮಾವೋರಿಗಳು ನಗರ ಸೇರಿ ಬಹುಸಂಖ್ಯಾತರೊಳಗೆ ಬೆರೆಯಬೇಕೆಂಬ ದಾರಿಯನ್ನೇ ಎತ್ತಿಹಿಡಿಯಿತು. 1980ರ ದಶಕದ ಹೊತ್ತಿಗೆ ಸುಮಾರು ಶೇ. 80ರಷ್ಟು ಮಾವೋರಿಗಳು ಪಟ್ಟಣವಾಸಿಗಳಾಗಿದ್ದರು. ಎರಡು ತಲೆಮಾರುಗಳೊಳಗೆ ಇಷ್ಟು ದೊಡ್ಡ ವಲಸೆ ನಡೆದ ಸಮುದಾಯಗಳು ಜಗತ್ತಿನಲ್ಲಿ ಕಡಿಮೆ. ಕೂಡುಕುಟುಂಬ, ಕುಲ, ಮರಾಯೆ ಎಲ್ಲವೂ ಹಿಂದೆ ಉಳಿದವು. ಮೂರು ಕೋಣೆಯ ಸರ್ಕಾರಿ ಮನೆಯಲ್ಲಿ ಗಂಡ, ಹೆಂಡತಿ, ಮಕ್ಕಳು ಮಾತ್ರ ಉಳಿದರು. ತಪ್ಪು ಮಾಡಿದವನನ್ನು ಕೂರಿಸಿ ಕೇಳುವ ಹಿರಿಯರು ಆ ಬೀದಿಯಲ್ಲಿ ಇರಲಿಲ್ಲ.

1984ರ ನಂತರದ ಆರ್ಥಿಕ ಸುಧಾರಣೆಗಳು ಅರಣ್ಯ, ರೈಲ್ವೆ ಮುಂತಾದ ಸರ್ಕಾರಿ ಉದ್ಯಮಗಳ ಕೆಲಸಗಳನ್ನು ಕಡಿದವು. ಮೊದಲು ಕೆಲಸ ಕಳೆದುಕೊಂಡವರು ಮಾವೋರಿಗಳು. 1990ರ ದಶಕದ ಆರಂಭದಲ್ಲಿ ದುಡಿಯುವ ವಯಸ್ಸಿನ ಮಾವೋರಿಗಳ ನಿರುದ್ಯೋಗ ಪ್ರಮಾಣ ಶೇ. 25ರ ಆಸುಪಾಸು ಮುಟ್ಟಿತ್ತು. 1991ರಲ್ಲಿ ಸರ್ಕಾರ ಭತ್ಯೆಗಳನ್ನೂ ಕಡಿತ ಮಾಡಿತು. ಚಿತ್ರೀಕರಣ ನಡೆದದ್ದು ಈ ಪೆಟ್ಟು ಇನ್ನೂ ಹಸಿಯಾಗಿದ್ದಾಗ.

ಆದರೆ ಅದೇ ವರ್ಷಗಳಲ್ಲಿ ಮಾವೋರಿ ಸಮುದಾಯ ಎದ್ದು ನಿಂತದ್ದೂ ನಿಜ. 1975ರಲ್ಲಿ ವೀನಾ ಕೂಪರ್ ಅವರ ಮುಂದಾಳತ್ವದಲ್ಲಿ ನೆಲಕ್ಕಾಗಿ ನಡೆದ ಮಹಾನಡಿಗೆ, ಅದೇ ವರ್ಷ ಸ್ಥಾಪನೆಯಾದ ವೈಟಾಂಗಿ ನ್ಯಾಯಮಂಡಳಿ, 1982ರಿಂದ ಅಜ್ಜಿಯರು ಎಳೆಯ ಮಕ್ಕಳಿಗೆ ತಾಯ್ನುಡಿ ಕಲಿಸಿದ ಭಾಷಾ ಶಿಶುವಿಹಾರಗಳು, 1987ರಲ್ಲಿ ಮಾವೋರಿ ಭಾಷೆಗೆ ಸಿಕ್ಕ ಅಧಿಕೃತ ಸ್ಥಾನ ಇವೆಲ್ಲ ನಡೆದಿದ್ದವು. ಕಲ್ಯಾಣ ಇಲಾಖೆಯೊಳಗೇ ಜನಾಂಗಭೇದ ಬೇರುಬಿಟ್ಟಿದೆ ಎಂದು 1986ರಲ್ಲಿ ಜಾನ್ ರಂಗಿಹಾವು ಅವರ ಸಮಿತಿ ವರದಿ ಕೊಟ್ಟಿತ್ತು. ಈ ಹೋರಾಟದ ಸುಳಿವು ಚಿತ್ರದಲ್ಲಿ ಬೆನೆಟ್‌ನ ಪಾತ್ರದಲ್ಲಿ ಮತ್ತು ಮರಾಯೆಯ ಅಂತ್ಯಕ್ರಿಯೆಯಲ್ಲಿ ಮಾತ್ರ ಸಿಗುತ್ತದೆ.

ಬಿಡುಗಡೆ ಮತ್ತು ಸ್ವಾಗತ

1994ರ ಮೇ ತಿಂಗಳಲ್ಲಿ ನ್ಯೂಜಿಲೆಂಡಿನಲ್ಲಿ ಬಿಡುಗಡೆಯಾದ ಚಿತ್ರ ಅಲ್ಲಿ ‘ಜುರಾಸಿಕ್ ಪಾರ್ಕ್’ನ ಗಳಿಕೆಯನ್ನೂ ಹಿಂದಿಕ್ಕಿತು. ಸುಮಾರು 36 ಲಕ್ಷ ಜನಸಂಖ್ಯೆಯ ದೇಶದಲ್ಲಿ 60 ಲಕ್ಷ ನ್ಯೂಜಿಲೆಂಡ್ ಡಾಲರಿಗೂ ಹೆಚ್ಚು ಸಂಗ್ರಹಿಸಿತು. ದೇಶೀಯ ಚಿತ್ರಗಳ ಪೈಕಿ ಅದರ ದಾಖಲೆ ಒಂದು ದಶಕಕ್ಕೂ ಹೆಚ್ಚು ಕಾಲ ಉಳಿದು, ‘ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್’ (2005) ಬಂದ ಮೇಲೆ ಮುರಿಯಿತು. ಮಾಂಟ್ರಿಯಲ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿಯೂ ರೇನಾ ಓವನ್ ಅವರಿಗೆ ಶ್ರೇಷ್ಠ ನಟಿ ಪ್ರಶಸ್ತಿಯೂ ಸಿಕ್ಕವು. ವೆನಿಸ್ ಚಿತ್ರೋತ್ಸವ ತಮಾಹೋರಿ ಅವರನ್ನು ಮೊದಲ ಕೃತಿಗಾಗಿ ಗೌರವಿಸಿತು. ಸಂಖ್ಯೆಗಳಿಗಿಂತ ಮುಖ್ಯವಾದದ್ದು ನೋಡಿದವರು ಯಾರು ಎಂಬುದು. ಚಿತ್ರಮಂದಿರಕ್ಕೆ ಅಪರೂಪಕ್ಕೆ ಬರುತ್ತಿದ್ದ ಮಾವೋರಿ ಮತ್ತು ಪೆಸಿಫಿಕ್ ದ್ವೀಪಮೂಲದ ಕುಟುಂಬಗಳು ಬಂದವು. ಅವರ ಬದುಕನ್ನು ಪತ್ರಿಕೆಯ ಅಪರಾಧ ಸುದ್ದಿಯಲ್ಲಷ್ಟೇ ಕಂಡಿದ್ದ ಬಿಳಿಯರೂ ಅದೇ ಸಾಲಿನಲ್ಲಿ ಕೂತರು.

ಮನೆಯ ಬಾಗಿಲು ತೆರೆದದ್ದು

ಹೆಂಡತಿ ಮಕ್ಕಳ ಮೇಲಿನ ಹಿಂಸೆಯ ವಿರುದ್ಧ ನ್ಯೂಜಿಲೆಂಡಿನ ಹೋರಾಟ ಈ ಚಿತ್ರಕ್ಕಿಂತ ಹಳೆಯದು. ಮೊದಲ ಮಹಿಳಾ ಆಶ್ರಯಧಾಮಗಳು 1970ರ ದಶಕದಲ್ಲೇ ತೆರೆದಿದ್ದವು. ಹ್ಯಾಮಿಲ್ಟನ್ ನಗರದಲ್ಲಿ 1991ರಿಂದ ಪೊಲೀಸರು, ನ್ಯಾಯಾಲಯ, ಆಶ್ರಯಧಾಮಗಳು ಕೂಡಿ ಹೊಡೆಯುವ ಗಂಡಸನ್ನೇ ಹೊಣೆಗಾರನನ್ನಾಗಿಸುವ ಪ್ರಯೋಗ ನಡೆದಿತ್ತು. ಸಂತ್ರಸ್ತರಿಗೆ ರಕ್ಷಣಾ ಆದೇಶ ಒದಗಿಸುವ ಕೌಟುಂಬಿಕ ಹಿಂಸೆ ಕಾಯ್ದೆ 1995ರಲ್ಲಿ ಬಂದಿತು. ಚಿತ್ರದಿಂದಾಗಿಯೇ ಕಾನೂನು ಬಂತು ಎನ್ನುವುದು ಆಶ್ರಯಧಾಮಗಳಲ್ಲಿ ವರ್ಷಗಟ್ಟಲೆ ದುಡಿದ ಹೆಂಗಸರಿಗೆ ಮಾಡುವ ಅನ್ಯಾಯ. ಚಿತ್ರ ಮಾಡಿದ ಕೆಲಸ ಬೇರೆ. ಹೊಡೆತದ ಶಬ್ದ ಹೇಗಿರುತ್ತದೆ, ಮರುದಿನದ ಮುಖ ಹೇಗಿರುತ್ತದೆ, ಪಕ್ಕದ ಕೋಣೆಯ ಮಕ್ಕಳು ಏನು ಮಾಡುತ್ತಿರುತ್ತಾರೆ ಎಂಬುದನ್ನು ಲಕ್ಷಾಂತರ ಜನ ಒಟ್ಟಿಗೆ ಕೂತು ನೋಡಿದರು. ಗೊತ್ತಿರಲಿಲ್ಲ ಎಂದು ಹೇಳುವ ಅವಕಾಶ ಆಮೇಲೆ ಉಳಿಯಲಿಲ್ಲ. ಚಿತ್ರ ನೋಡಿ ಮನೆ ಬಿಟ್ಟುಬಂದೆವು ಎಂದು ತಮ್ಮ ಬಳಿ ಹೇಳಿಕೊಂಡ ಹೆಂಗಸರ ಬಗ್ಗೆ ರೇನಾ ಓವನ್ ಮಾತಾಡಿದ್ದಾರೆ. ಪ್ರಶಸ್ತಿಗಳ ಪಟ್ಟಿಯಲ್ಲಿ ಬರದ ಈ ಪರಿಣಾಮವೇ ಎಲ್ಲಕ್ಕಿಂತ ದೊಡ್ಡದು.

2007ರಲ್ಲಿ ಸರ್ಕಾರ ಆರಂಭಿಸಿದ ಕೌಟುಂಬಿಕ ಹಿಂಸೆ ವಿರೋಧಿ ಪ್ರಚಾರ ಹಿಂಸೆಗೆ ಒಪ್ಪಿಗೆಯಿಲ್ಲ ಎಂಬ ನೇರ ಮಾತಿನೊಂದಿಗೆ ದೂರದರ್ಶನಕ್ಕೆ ಬಂದಾಗ, ಅದನ್ನು ಕೇಳಲು ತಯಾರಾದ ಸಮಾಜವೊಂದು ಆಗಲೇ ಇತ್ತು. ಅದೇ ವರ್ಷ ಮಕ್ಕಳನ್ನು ತಿದ್ದುವ ನೆಪದಲ್ಲಿ ಹೊಡೆಯಲು ಪೋಷಕರಿಗಿದ್ದ ಕಾನೂನಿನ ರಕ್ಷಣೆಯನ್ನೂ ಸಂಸತ್ತು ತೆಗೆದುಹಾಕಿತು. 1995ರ ಕಾಯ್ದೆಯ ಜಾಗಕ್ಕೆ 2018ರಲ್ಲಿ ಹೊಸ ಕಾಯ್ದೆ ಬಂದಿತು. ಹಿಂಸೆಯ ಪ್ರಮಾಣ ಮಾತ್ರ ಇವತ್ತಿಗೂ ಆ ದೇಶದ ಅತಿ ದೊಡ್ಡ ಸಂಕಟಗಳಲ್ಲಿ ಒಂದಾಗಿಯೇ ಉಳಿದಿದೆ. ಡಫ್ ಅವರು ತಮ್ಮ ದಾರಿಯಲ್ಲಿ ಮುಂದುವರಿದರು: ಪುಸ್ತಕವೇ ಇಲ್ಲದ ಮನೆಗಳ ಮಕ್ಕಳಿಗೆ ಸ್ವಂತ ಪುಸ್ತಕ ಕೊಡುವ ‘ಬುಕ್ಸ್ ಇನ್ ಹೋಮ್ಸ್’ ಯೋಜನೆಯನ್ನು ಕ್ರಿಸ್ಟೀನ್ ಫರ್ನಿಹೋ ಅವರ ಜೊತೆ 1990ರ ದಶಕದ ಮಧ್ಯದಲ್ಲಿ ಕಟ್ಟಿದರು. ಅದು ಇದುವರೆಗೆ ಲಕ್ಷಾಂತರ ಪುಸ್ತಕಗಳನ್ನು ಹಂಚಿದೆ. ಅವರ ರಾಜಕೀಯವನ್ನು ಒಪ್ಪದವರೂ ಈ ಕೆಲಸಕ್ಕೆ ತಲೆಬಾಗುತ್ತಾರೆ.

ಜೇಕ್‌ನ ನೆರಳು

ಚಿತ್ರಮಂದಿರದ ಹೊರಗೆ ಬೇರೆಯದೊಂದು ನಡೆಯಿತು. ಮೊಟ್ಟೆ ಬೇಯಿಸಲು ಜೇಕ್ ಕೊಡುವ ಅಪ್ಪಣೆ ನ್ಯೂಜಿಲೆಂಡಿನಲ್ಲಿ ಹಾಸ್ಯದ ಮಾತಾಗಿ ಹಬ್ಬಿತು. ಪಾರ್ಟಿಗಳಲ್ಲಿ, ಆಟದ ಮೈದಾನಗಳಲ್ಲಿ ಜನ ಅದನ್ನು ಅಣಕಿಸಿ ನಕ್ಕರು. ಒಬ್ಬ ಹೆಣ್ಣಿನ ಮುಖ ಒಡೆದುಹೋಗುವ ಮುಂಚಿನ ಕ್ಷಣ ಅದು. ನಗುವವರಲ್ಲಿ ಎಷ್ಟೋ ಜನರಿಗೆ ಆ ದೃಶ್ಯ ಮುಗಿಯುವುದು ಎಲ್ಲಿ ಎಂಬುದು ಮರೆತೇಹೋಗಿರಬೇಕು. ‘ಶಾರ್ಟ್‌ಲ್ಯಾಂಡ್ ಸ್ಟ್ರೀಟ್’ ಎಂಬ ಜನಪ್ರಿಯ ಧಾರಾವಾಹಿಯ ಸಭ್ಯ ವೈದ್ಯನಾಗಿ ಮನೆಮಾತಾಗಿದ್ದ ಟೆಮ್ಯುವೆರಾ ಮಾರಿಸನ್ ಆಮೇಲೆ ಜೇಕ್ ಆಗಿಯೇ ಗುರುತಾದರು. ಮುಂದುವರಿದ ಭಾಗವಾಗಿ 1999ರಲ್ಲಿ ಇಯಾನ್ ಮ್ಯೂನ್ ನಿರ್ದೇಶಿಸಿದ ‘ವಾಟ್ ಬಿಕಮ್ಸ್ ಆಫ್ ದಿ ಬ್ರೋಕನ್ ಹಾರ್ಟೆಡ್?’ ಬಂದಾಗ ಕಥೆಯ ಕೇಂದ್ರ ಜೇಕ್‌ನ ಪಶ್ಚಾತ್ತಾಪವಾಗಿತ್ತು. ಬೆತ್ ಅಂಚಿಗೆ ಸರಿದಿದ್ದಳು. ಡಫ್ ಅವರ ಈ ಸರಣಿಯ ಮೂರನೆಯ ಕಾದಂಬರಿ (2002) ತನ್ನ ಹೆಸರಿನಲ್ಲೇ ಜೇಕ್‌ನ ಉದ್ದನೆಯ ನೆರಳನ್ನು ಹೊತ್ತಿತ್ತು. ಹೀಗೆ ಒಂದು ಹೆಣ್ಣಿನ ಬಿಡುಗಡೆಯ ಕಥೆ ಮೆಲ್ಲಮೆಲ್ಲನೆ ಒಬ್ಬ ಗಂಡಸಿನ ತೋಳ್ಬಲದ ನೆನಪಾಗಿ ಕುಗ್ಗಿತು.

ಮಾವೋರಿ ವಿದ್ವಾಂಸರು ಈ ಅಪಾಯವನ್ನು ಬೇಗ ಗುರುತಿಸಿದರು. ಲಿಯೋನಿ ಪಿಹಾಮಾ 1996ರಲ್ಲಿ ಬರೆದ ಪ್ರಬಂಧದಲ್ಲಿ, ವಸಾಹತು ಚರಿತ್ರೆಯ ಹಿನ್ನೆಲೆ ಇಲ್ಲದೆ ಹಿಂಸೆಯನ್ನು ತೋರಿಸಿದರೆ ಅದು ಮಾವೋರಿಗಳ ಸಹಜ ಗುಣವೆಂಬಂತೆ ಕಾಣುತ್ತದೆ ಎಂದು ವಾದಿಸಿದರು. ಮಾವೋರಿ ಗಂಡಸು ಎಂದರೆ ಮೈಕಟ್ಟು, ಆವೇಶ, ಕಾದಾಟ ಎಂಬ ಕಲ್ಪನೆಯನ್ನು ವಸಾಹತು ಶಾಲೆಗಳೂ ಕ್ರೀಡೆಯೂ ಬೆಳೆಸಿದ್ದನ್ನು ಬ್ರೆಂಡನ್ ಹೊಕೊವಿಟು ಬಿಡಿಸಿ ತೋರಿಸಿದರು. ಈ ಎಚ್ಚರಿಕೆ ಎಷ್ಟು ಸಕಾರಣವಾಗಿತ್ತೆಂಬುದು 2006ರಲ್ಲಿ ಗೊತ್ತಾಯಿತು. ಮೆದುಳಿನ ರಾಸಾಯನಿಕಗಳಿಗೆ ಸಂಬಂಧಿಸಿದ ಒಂದು ವಂಶವಾಹಿಯ ನಿರ್ದಿಷ್ಟ ರೂಪ ಮಾವೋರಿ ಗಂಡಸರಲ್ಲಿ ಹೆಚ್ಚು ಎಂಬ ಸಂಶೋಧನೆ ಬ್ರಿಸ್ಬೇನ್ ನಗರದ ವಿಜ್ಞಾನ ಸಮ್ಮೇಳನದಲ್ಲಿ ಮಂಡನೆಯಾದಾಗ, ಮಾಧ್ಯಮಗಳು ಅದನ್ನು ‘ವಾರಿಯರ್ ಜೀನ್’ ಎಂದು ಕರೆದು ಹಿಂಸೆಗೂ ಅಪರಾಧಕ್ಕೂ ಜೋಡಿಸಿದವು. ಬೇರೆ ವಿಜ್ಞಾನಿಗಳೂ ಮಾವೋರಿ ನಾಯಕರೂ ಕಟುವಾಗಿ ವಿರೋಧಿಸಿದರು. ಆ ಹೆಸರು ಚಿತ್ರದಿಂದ ಹುಟ್ಟಿದ್ದಲ್ಲ. ಆದರೆ ಅದನ್ನು ಓದಿದ ಸಾಮಾನ್ಯ ನ್ಯೂಜಿಲೆಂಡಿಗರ ಕಣ್ಣಮುಂದೆ ಯಾರ ಮುಖ ಬಂದಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಟೀಕೆಯನ್ನು ಪೂರ್ತಿಯಾಗಿ ಒಪ್ಪಬೇಕೆಂದಿಲ್ಲ. ಚಿತ್ರದಲ್ಲಿ ಇನ್ನೊಂದು ಬಗೆಯ ಮಾವೋರಿ ಗಂಡಸೂ ಇದ್ದಾನೆ. ಬೆನೆಟ್ ಹುಡುಗರ ಕೈಯಿಂದ ಕೋಪವನ್ನು ಕಿತ್ತುಕೊಂಡು ಅವರಿಗೆ ವಿದ್ಯೆ ಕೊಡುತ್ತಾನೆ. ಬೂಗಿ ಕೊನೆಗೆ ಗ್ರೇಸ್‌ಳ ಅಂತ್ಯಕ್ರಿಯೆಯಲ್ಲಿ ತಲೆಯೆತ್ತಿ ನಿಲ್ಲುತ್ತಾನೆ. ಆದರೆ ಇಲ್ಲೇ ಚಿತ್ರದ ಅತ್ಯಂತ ನೋವಿನ ಕುರುಡುತನವೂ ಇದೆ ಎಂಬುದು ತಡವಾಗಿ ತಿಳಿಯಿತು. ಸರ್ಕಾರಿ ಮತ್ತು ಧಾರ್ಮಿಕ ಸಂಸ್ಥೆಗಳ ಆರೈಕೆಯಲ್ಲಿದ್ದವರ ಮೇಲಿನ ದೌರ್ಜನ್ಯವನ್ನು ಪರಿಶೀಲಿಸಲು 2018ರಲ್ಲಿ ನೇಮಕವಾದ ರಾಯಲ್ ಕಮಿಷನ್ ಎಂಬ ತನಿಖಾ ಆಯೋಗದ ಅಂತಿಮ ವರದಿ 2024ರ ಜುಲೈನಲ್ಲಿ ಪ್ರಕಟವಾಯಿತು. 1950ರಿಂದ 2019ರವರೆಗೆ ಸುಮಾರು ಎರಡು ಲಕ್ಷ ಮಕ್ಕಳು ಮತ್ತು ದುರ್ಬಲ ವಯಸ್ಕರು ದೌರ್ಜನ್ಯಕ್ಕೆ ಒಳಗಾಗಿರಬೇಕೆಂದು ಅದು ಅಂದಾಜಿಸಿತು. ಬಾಲಗೃಹಗಳಿಗೆ ಸೇರಿಸಲ್ಪಟ್ಟವರಲ್ಲಿ ಮಾವೋರಿ ಮಕ್ಕಳ ಪಾಲು ಬಹಳ ಹೆಚ್ಚಿತ್ತು. ಪುಂಡರ ಗುಂಪುಗಳಿಗೆ ಹುಡುಗರು ಸೇರುವ ದಾರಿ ಎಷ್ಟೋ ಸಲ ಆ ಬಾಲಗೃಹಗಳಲ್ಲೇ ಆರಂಭವಾಗಿತ್ತೆಂಬುದೂ ಹೊರಬಂದಿತು. ಅದೇ ವರ್ಷದ ನವೆಂಬರಿನಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಚಿತ್ರದಲ್ಲಿ ನಿಗ್ ಗುಂಪಿಗೆ ಹೋಗುತ್ತಾನೆ, ಬೂಗಿ ಬಾಲಗೃಹಕ್ಕೆ ಹೋಗುತ್ತಾನೆ. ಮೊದಲನೆಯದು ಹಾಳಾಗುವ ದಾರಿ, ಎರಡನೆಯದು ಉಳಿಯುವ ದಾರಿ. ನಿಜ ಜೀವನದಲ್ಲಿ ಅವು ಅನೇಕ ಹುಡುಗರಿಗೆ ಒಂದೇ ದಾರಿಯ ಎರಡು ಮೈಲಿಗಲ್ಲುಗಳಾಗಿದ್ದವು. ಇಂದು ಚಿತ್ರ ನೋಡುವವರು ಬೂಗಿಯ ದೃಶ್ಯಗಳನ್ನು 1994ರ ಪ್ರೇಕ್ಷಕರಂತೆ ನಿರಾಳವಾಗಿ ನೋಡಲಾರರು.

ಸಿನಿಮಾದ ಮೇಲೆ ಪ್ರಭಾವ

ಮಾವೋರಿ ನಿರ್ದೇಶಕರ ಚಿತ್ರಗಳಲ್ಲಿ ಇದು ಮೊದಲನೆಯದಲ್ಲ. ಬ್ಯಾರಿ ಬಾರ್ಕ್ಲೇ ಅವರ ‘ನ್ಗಾಟಿ’ (1987), ಮೆರಾಟಾ ಮಿಟಾ ಅವರ ‘ಮೌರಿ’ (1988) ಮುಂಚೆಯೇ ಬಂದಿದ್ದವು. ಅವು ಸಮುದಾಯದ ಒಳಗಿನಿಂದ, ಸಮುದಾಯದ ಲಯದಲ್ಲಿ ಮಾತಾಡುವ ಚಿತ್ರಗಳು. ಹೊರಗಿನ ಪ್ರೇಕ್ಷಕರಿಗಾಗಿ ಓಡುವ ಅವಸರ ಅವಕ್ಕಿರಲಿಲ್ಲ. ತಮಾಹೋರಿ ಹಾಲಿವುಡ್ಡಿನ ವೇಗ, ಕತ್ತರಿ, ಸಂಗೀತಗಳನ್ನು ಬಳಸಿ ಎಲ್ಲರನ್ನೂ ಚಿತ್ರಮಂದಿರಕ್ಕೆ ಎಳೆದರು. ಮಾವೋರಿ ಕಥೆ ಮಾವೋರಿ ನಟರಿಂದಲೇ ದೇಶದ ಅತಿ ದೊಡ್ಡ ಯಶಸ್ಸಾಗಬಲ್ಲದು ಎಂಬುದು ಹಣ ಹೂಡುವವರಿಗೆ ಮನವರಿಕೆಯಾದದ್ದು ಹೀಗೆ.

ಚಿತ್ರ ಹಲವರನ್ನು ಜಗತ್ತಿಗೆ ಕಳಿಸಿತು. ತಮಾಹೋರಿ ಹಾಲಿವುಡ್ಡಿಗೆ ಹೋಗಿ ‘ದಿ ಎಡ್ಜ್’ (1997), ಜೇಮ್ಸ್ ಬಾಂಡ್ ಸರಣಿಯ ‘ಡೈ ಅನದರ್ ಡೇ’ (2002) ಮುಂತಾದವನ್ನು ನಿರ್ದೇಶಿಸಿದರು. ಮಾರಿಸನ್ ‘ಸ್ಟಾರ್ ವಾರ್ಸ್’ ಲೋಕದ ಜ್ಯಾಂಗೊ ಫೆಟ್ ಮತ್ತು ಬೋಬಾ ಫೆಟ್ ಆದರು, ಡಿಸ್ನಿಯ ‘ಮೊವಾನಾ’ದಲ್ಲಿ (2016) ನಾಯಕಿಯ ತಂದೆಗೆ ಧ್ವನಿ ಕೊಟ್ಟರು. ಬುಲ್ಲಿಯಾಗಿ ಹೇಸಿಗೆ ಹುಟ್ಟಿಸಿದ್ದ ಕ್ಲಿಫ್ ಕರ್ಟಿಸ್ ‘ವೇಲ್ ರೈಡರ್’ನಲ್ಲಿ (2002) ಪ್ರೀತಿಯ ತಂದೆಯಾದರು, ‘ದಿ ಡಾರ್ಕ್ ಹಾರ್ಸ್’ನಲ್ಲಿ (2014) ಬಡ ಹುಡುಗರಿಗೆ ಚದುರಂಗ ಕಲಿಸುವ, ಮಾನಸಿಕ ಕಾಯಿಲೆಯೊಂದಿಗೆ ಬದುಕುವ ಮಾವೋರಿ ಆಟಗಾರನಾಗಿ ಅವರು ಕೊಟ್ಟ ಅಭಿನಯ ಈ ಎಲ್ಲ ಪಟ್ಟಿಯಲ್ಲಿ ಮೇಲಿನದು. ತಮಾಹೋರಿ ಸ್ವದೇಶಕ್ಕೆ ಮರಳಿ ಇಹಿಮೇರಾ ಅವರ ಕಾದಂಬರಿ ಆಧರಿಸಿ ‘ಮಹಾನಾ’ (2016) ಮಾಡಿದರು. ಅಲ್ಲಿ ಮಾರಿಸನ್ ಮತ್ತೆ ಮನೆಮಂದಿಯನ್ನು ಹಿಡಿತದಲ್ಲಿಟ್ಟುಕೊಂಡ ಯಜಮಾನ. ಈ ಬಾರಿ ಹಳ್ಳಿಯಲ್ಲಿ, ಕುರಿಯ ಉಣ್ಣೆ ಕತ್ತರಿಸುವ ಕುಟುಂಬದ ನಡುವೆ.

ಅದಕ್ಕಿಂತ ಆಳವಾದ ಪ್ರಭಾವ ಈ ಚಿತ್ರಕ್ಕೆ ಮುಂದಿನ ಚಿತ್ರಗಳು ಕೊಟ್ಟ ಉತ್ತರದಲ್ಲಿದೆ. ತೈಕಾ ವೈಟಿಟಿ ಅವರ ‘ಬಾಯ್’ (2010) ಕೂಡ ಬಡತನದಲ್ಲಿ ಬೆಳೆಯುವ ಮಾವೋರಿ ಮಕ್ಕಳ, ಗುಂಪು ಕಟ್ಟಿಕೊಂಡು ಭ್ರಮೆಯಲ್ಲಿರುವ ತಂದೆಯ ಕಥೆಯೇ. ಆದರೆ ಅದು ಮಗುವಿನ ಕಣ್ಣಿನಿಂದ, ನಗು ಮತ್ತು ಕನಸುಗಳ ಮೂಲಕ ಅಪ್ಪನ ಪೊಳ್ಳುತನವನ್ನು ಕಾಣಿಸಿತು, ದೇಶದಲ್ಲಿ ಗಳಿಕೆಯ ಹೊಸ ದಾಖಲೆಯನ್ನೂ ಬರೆಯಿತು. ಎಂಟು ಮಂದಿ ಮಾವೋರಿ ಮಹಿಳೆಯರು ನಿರ್ದೇಶಿಸಿದ ‘ವಾರು’ (2017) ಇನ್ನೂ ನೇರವಾಗಿ ಎದುರು ನಿಲ್ಲುತ್ತದೆ. ನೋಡಿಕೊಳ್ಳಬೇಕಾದವರ ಕೈಯಲ್ಲೇ ಸತ್ತ ಒಂದು ಮಗುವಿನ ಅಂತ್ಯಕ್ರಿಯೆಯ ದಿನ. ಎಂಟು ಕಂತು, ಪ್ರತಿಯೊಂದೂ ಸುಮಾರು ಹತ್ತು ನಿಮಿಷ, ಎಲ್ಲಿಯೂ ಕತ್ತರಿ ಬೀಳದ ಒಂದೇ ಚಿತ್ರಿಕೆ. ಅಡುಗೆಮನೆಯಲ್ಲಿ ನೂರಾರು ಜನರಿಗೆ ಊಟ ಸಿದ್ಧ ಮಾಡುವ ಹೆಂಗಸು, ಶಾಲೆಯ ಶಿಕ್ಷಕಿ, ಮಗುವಿನ ದೇಹ ಎಲ್ಲಿ ಇರಬೇಕೆಂದು ಜಗಳವಾಡುವ ಅಜ್ಜಿಯರು, ದೂರದರ್ಶನದಲ್ಲಿ ತನ್ನ ಜನರ ಬಗ್ಗೆ ಆಡುವ ಸಲೀಸು ಮಾತುಗಳನ್ನು ಕೇಳಿ ತಡೆದುಕೊಳ್ಳಲಾರದ ವಾರ್ತಾವಾಚಕಿ ಅಲ್ಲಿದ್ದಾರೆ. ಒಂದೇ ಒಂದು ಹೊಡೆತವನ್ನು ‘ವಾರು’ ತೋರಿಸುವುದಿಲ್ಲ. ಕೊಂದವನಿಗೆ ಮುಖವನ್ನೂ ಕೊಡುವುದಿಲ್ಲ. ಕಥೆ ಪೂರ್ತಿಯಾಗಿ ಹೆಂಗಸರ ಕೈಯಲ್ಲಿ ಉಳಿಯುತ್ತದೆ. ಪೆಟ್ರೀಷಿಯಾ ಗ್ರೇಸ್ ಅವರ ಕಾದಂಬರಿ ಆಧರಿಸಿ ಏನ್ಸ್‌ಲೀ ಗಾರ್ಡಿನರ್ ಮತ್ತು ಬ್ರಾಯರ್ ಗ್ರೇಸ್-ಸ್ಮಿತ್ ನಿರ್ದೇಶಿಸಿದ ‘ಕಸಿನ್ಸ್’ (2021) ಬಾಲ್ಯದಲ್ಲೇ ಕುಟುಂಬದಿಂದ ಕಿತ್ತು ಅನಾಥಾಲಯಕ್ಕೆ ಸೇರಿಸಿದ ಹುಡುಗಿಯೊಬ್ಬಳನ್ನು ಅವಳ ಸೋದರಸಂಬಂಧಿಗಳಿಬ್ಬರು ಬದುಕಿಡೀ ಹುಡುಕುವ ಕಥೆ. ತಮಾಹೋರಿ ಅವರ ಚಿತ್ರ ಹೆಕೆಗಳ ಮನೆಯೊಳಗಷ್ಟೇ ಹುಡುಕಿದ್ದ ಕಾರಣಗಳನ್ನು ಈ ಚಿತ್ರ ಸರ್ಕಾರದ ಕಚೇರಿಗಳಲ್ಲಿ, ನೆಲ ಕಳೆದುಕೊಂಡ ಊರುಗಳಲ್ಲಿ ಹುಡುಕುತ್ತದೆ.